ಬ್ರೇಕ್‌ನ ಗಾಳಿ ತೆಗೆಯಲು ಒಂದು ಬಾಟಲಿ, ಒಂದು ಕೊಳವೆ

ಮಂಗಳೂರು: ನಗರದಿಂದ ಬೆಂಗಳೂರು, ಮೈಸೂರು, ಚಿಕ್ಕಮಗಳೂರುಗಳತ್ತ ಹೊರಡುವ ವಾಹನಗಳಿಗೆ ಶಿರಾಡಿ, ಸಂಪಾಜೆ, ಚಾರ್ಮಾಡಿ ಘಾಟಿಗಳೇ ಮುಖ್ಯ ದಾರಿ. ಹತ್ತುವಾಗ ಎಂಜಿನ್‌ಗೆ ಪರೀಕ್ಷೆಯಾದರೆ, ಮರಳಿ ಇಳಿಯುವಾಗ ಬ್ರೇಕ್‌ಗೆ. ಇಳಿಜಾರಿನ ನಡುವೆ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಚಾಲಕನಿಗೆ ಉಳಿಯುವುದು ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಮಾತ್ರ.

ಕಾರು, ಆಟೊರಿಕ್ಷಾಗಳಲ್ಲಿ ಪಾದದ ಒತ್ತಡವನ್ನು ಚಕ್ರಕ್ಕೆ ತಲುಪಿಸುವುದು ಬ್ರೇಕ್ ಆಯಿಲ್. ದ್ರವ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆದ್ದರಿಂದ ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಒತ್ತಡ ಅಲ್ಲಿಯೇ ಕರಗಿಹೋಗುತ್ತದೆ. ಈ ಆಯಿಲ್‌ಗೆ ತೇವಾಂಶ ಹೀರುವ ಗುಣವೂ ಇದೆ. ಹೊಸ ಡಾಟ್ 3 ಆಯಿಲ್‌ನ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್; ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಅದು 140. ಡಾಟ್ 4ರಲ್ಲಿ ಈ ಮಿತಿಗಳು 230 ಮತ್ತು 155. ಘಾಟಿಯಲ್ಲಿ ಬ್ರೇಕ್ ಸತತವಾಗಿ ಕಾದಾಗ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆ ಏಳುವುದು ಹೀಗೆ. ಗಾಳಿಯನ್ನೂ ಹಳೆಯ ಆಯಿಲ್‌ಅನ್ನೂ ಹೊರತೆಗೆಯುವ ಕೆಲಸವೇ ‘ಬ್ಲೀಡಿಂಗ್’.

ಸಾಮಾನ್ಯವಾಗಿ ಇದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ತುಳಿಯಲು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಬಿಚ್ಚಿ ಮುಚ್ಚಲು. ಮನೆಯಲ್ಲೇ ತಯಾರಿಸುವ ಸಾಧನವಿದ್ದರೆ ಒಬ್ಬರೇ ಸಾಕು.

ಅರ್ಧ ಲೀಟರಿನ ಪಾರದರ್ಶಕ ಬಾಟಲಿಯ ಮುಚ್ಚಳಕ್ಕೆ ಎರಡು ರಂಧ್ರ ಕೊರೆಯಬೇಕು. ಒಂದರಲ್ಲಿ ಮೀನಿನ ತೊಟ್ಟಿಗೆ ಬಳಸುವಂತಹ ಪಾರದರ್ಶಕ ಕೊಳವೆಯನ್ನು ಬಿಗಿಯಾಗಿ ತೂರಿಸಿ ತಳಕ್ಕೆ ಮುಟ್ಟಿಸಬೇಕು. ಇನ್ನೊಂದು ಗಾಳಿ ಹೊರಹೋಗಲು. ಕೊಳವೆಯ ತುದಿ ಮುಳುಗುವಷ್ಟು ಹೊಸ ಬ್ರೇಕ್ ಆಯಿಲ್ ಹಾಕಿದರೆ ಸಾಧನ ಸಿದ್ಧ. ಪೆಡಲ್ ಬಿಟ್ಟಾಗ ಒಳಕ್ಕೆ ಎಳೆಯಲ್ಪಡುವುದು ಗಾಳಿಯಲ್ಲ, ಆಯಿಲ್. ಉಪಾಯದ ಗುಟ್ಟು ಇಷ್ಟೇ.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು. ನಿಪ್ಪಲ್‌ಗೆ ಮೊದಲು ರಿಂಗ್ ಸ್ಪ್ಯಾನರ್, ಬಳಿಕ ಕೊಳವೆ ಸಿಕ್ಕಿಸಿ, ಬಾಟಲಿಯನ್ನು ಅದಕ್ಕಿಂತ ಎತ್ತರದಲ್ಲಿ ತೂಗುಹಾಕಬೇಕು. ನಿಪ್ಪಲ್‌ಅನ್ನು ಅರ್ಧ ಸುತ್ತು ಸಡಿಲಿಸಿ, ಪೆಡಲ್‌ಅನ್ನು ನಿಧಾನವಾಗಿ ತುಳಿದು ನಿಧಾನವಾಗಿ ಬಿಡಬೇಕು. ಗುಳ್ಳೆ ನಿಂತು ತಿಳಿಯಾದ ಆಯಿಲ್ ಬಂದ ಮೇಲೆ ನಿಪ್ಪಲ್ ಬಿಗಿಗೊಳಿಸಿ ಕೊಳವೆ ತೆಗೆಯಬೇಕು. ಐದಾರು ತುಳಿತಕ್ಕೊಮ್ಮೆ ಮಾಸ್ಟರ್ ಸಿಲಿಂಡರ್‌ನ ಡಬ್ಬಿಗೆ ಆಯಿಲ್ ತುಂಬುತ್ತಿರಬೇಕು. ಅದು ಬರಿದಾದರೆ ಮತ್ತೆ ಗಾಳಿ ನುಗ್ಗಿ, ಮಾಡಿದ್ದೆಲ್ಲ ವ್ಯರ್ಥ. ಸಾಮಾನ್ಯವಾಗಿ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಕಾರುಗಳಲ್ಲಿ ಹಿಂದಿನ ಎಡ ಚಕ್ರದಿಂದ ಆರಂಭ. ಕೆಲವು ಕಾರುಗಳ ಕ್ರಮ ಬೇರೆ; ಕಂಪನಿಯ ಕೈಪಿಡಿಯ ಮಾತೇ ಅಂತಿಮ.

ಸಾಧನಕ್ಕೆ ಮಿತಿಗಳಿವೆ. ನಿಪ್ಪಲ್‌ನ ಮರೆ ಸವೆದಿದ್ದರೆ ಅಲ್ಲಿಂದಲೇ ಗಾಳಿ ಒಳಸೇರಬಹುದು. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಯಂತ್ರವೇ ಬೇಕು. ಆಯಿಲ್ ಸೋರುತ್ತಿದ್ದರೆ ಬ್ಲೀಡಿಂಗ್‌ನಿಂದ ಪ್ರಯೋಜನವಿಲ್ಲ. ಗಾಳಿ ಬ್ರೇಕ್‌ನ ಬಸ್ಸು, ಲಾರಿಗಳಿಗೆ ಈ ವಿಧಾನ ಅನ್ವಯಿಸದು. ಎಂಜಿನ್ ಆಯಿಲ್ ಸುರಿದರಂತೂ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ.

ಬ್ರೇಕ್ ಆಯಿಲ್ ವಿಷಕಾರಿ. ನೀರಿನ ಬಾಟಲಿ ಬಳಸಿದ್ದರೆ ದೊಡ್ಡದಾಗಿ ‘ವಿಷ’ ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು. ಹಳೆಯದನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸುವುದು ಸೂಕ್ತ.

ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ನೋಡಬೇಕು. ಅದು ಗಟ್ಟಿಯಾಗಿ ನಿಂತರೆ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ಇನ್ನೂ ಮೆತ್ತಗಿದ್ದರೆ ಆ ವಾಹನ ಹೋಗಬೇಕಾದದ್ದು ಘಾಟಿಗಲ್ಲ, ಮೆಕ್ಯಾನಿಕ್ ಬಳಿಗೆ.