ಕ್ಯಾಪುಚಿನೊ ಮತ್ತು ಅಪ್ಪನ ಓಮ್ನಿ

ಕ್ಯಾಪುಚಿನೊ ಅಂದ್ರೆ ಕಾಫಿ ಅಂತ ಎಲ್ಲರಿಗೂ ಗೊತ್ತು. ಆದರೆ ಜಪಾನಿನ ಸುಜುಕಿ ಕಂಪನಿ 1991ರಲ್ಲಿ ಇದೇ ಹೆಸರಿನ ಸ್ಪೋರ್ಟ್ಸ್ ಕಾರೊಂದನ್ನು ರಸ್ತೆಗಿಳಿಸಿತ್ತು. ಎರಡೇ ಸೀಟು, ಬೇಕೆಂದಾಗ ಟಾಪ್ ಕಳಚಿ ಡಿಕ್ಕಿಯಲ್ಲಿಟ್ಟು ಗಾಳಿಗೆ ಮುಖವೊಡ್ಡಿ ಹೋಗಬಹುದು. ನನ್ನ ಮೊಬೈಲಿನ ವಾಲ್‌ಪೇಪರ್ ಅದೇ. ಶಿರಸಿ ಹತ್ತಿರದ ನಮ್ಮ ಮನೆಯಂಗಳದಲ್ಲಿ ನಿಂತಿರುವುದು ಮಾತ್ರ ಅಪ್ಪನ ಎಂಟು ಸೀಟಿನ ಮಾರುತಿ ಓಮ್ನಿ. ಅದರ ಬಾಡಿಗೆಯಲ್ಲೇ ನನ್ನ ಕಾಲೇಜು ಫೀಸು ಹೋಗುವುದು.

ತಮಾಷೆಗೆಂದು ಎರಡರ ಲೆಕ್ಕವನ್ನೂ ಅಕ್ಕಪಕ್ಕ ಬರೆದೆ. ಕ್ಯಾಪುಚಿನೊ ಉದ್ದ 3295 ಮಿ.ಮೀ., ಓಮ್ನಿ 3370. ಅಗಲ 1395, ಇದರದ್ದು 1410. ಎರಡಕ್ಕೂ ಮೂರೇ ಸಿಲಿಂಡರ್, ಎರಡರಲ್ಲೂ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನೇ. ಕ್ಯಾಪುಚಿನೊದ ಮೊದಲ ಎಂಜಿನ್ 657 ಸಿಸಿ, ಓಮ್ನಿಯದು 796. ಎರಡೂ ಸುಜುಕಿಯ ‘ಎಫ್’ ಸರಣಿಯವು. ಅಂದರೆ ದಾಯಾದಿಗಳು! ಪುಟ್ಟ ವಾಹನಗಳ ಉದ್ದ, ಅಗಲಕ್ಕೆ ಜಪಾನ್ ಹಾಕಿದ್ದ ಮಿತಿಯೇ ಈ ಹೋಲಿಕೆಗೆ ಕಾರಣ. ನಮ್ಮ ಓಮ್ನಿಯ ಮೂಲವೂ ಅಲ್ಲಿನ ಅಂಥದ್ದೇ ಒಂದು ವ್ಯಾನು.

ಶಕ್ತಿಯಲ್ಲಿ ಮಾತ್ರ ಅಜಗಜಾಂತರ. ಟರ್ಬೊ ಇರುವ ಕ್ಯಾಪುಚಿನೊಗೆ 64 ಅಶ್ವಶಕ್ತಿ, ಓಮ್ನಿಗೆ ಸುಮಾರು 35. ತಲೆಗೆ ಹಂಚಿದರೆ ಅಲ್ಲಿ 32, ಇಲ್ಲಿ ನಾಲ್ಕೂ ಚಿಲ್ಲರೆ. ಆದರೆ ಓಮ್ನಿಯ ಪೂರ್ತಿ ಟಾರ್ಕ್ 2500 ಆರ್‌ಪಿಎಂಗೇ ಸಿಗುತ್ತದೆ, ಕ್ಯಾಪುಚಿನೊಗೆ 4000 ಬೇಕು. ದೇವಿಮನೆ ಘಟ್ಟದಲ್ಲಿ ಅಪ್ಪ ಎರಡನೇ ಗೇರಿನಲ್ಲಿ ಗೊಣಗದೆ ಗಾಡಿ ಹತ್ತಿಸುವುದನ್ನು ನೋಡಿದವರಿಗೆ ಈ ಅಂಕಿಯ ಬೆಲೆ ಗೊತ್ತು. ಹಿಂದಿನ ಸೀಟು ತೆಗೆದರೆ ಅಡಿಕೆ ಮೂಟೆ, ಹಾಕಿದರೆ ಮದುವೆ ದಿಬ್ಬಣ. ಕ್ಯಾಪುಚಿನೊದ ಡಿಕ್ಕಿಯಲ್ಲಿ ಟಾಪ್ ಇಟ್ಟ ಮೇಲೆ ಒಂದು ಬಾಳೆಗೊನೆಗೂ ಜಾಗ ಉಳಿಯಲಿಕ್ಕಿಲ್ಲ. (ಸಿನಿಮಾದವರಿಗೆ ಕಿಡ್ನ್ಯಾಪ್ ಮಾಡಲೂ ಓಮ್ನಿಯೇ ಬೇಕು, ಅದು ಬೇರೆ ವಿಷಯ.)

ನಾನು ಪೆನ್ನು ಕೆಳಗಿಟ್ಟದ್ದು ಎಂಜಿನ್ ಎಲ್ಲಿದೆ ಎಂಬ ಸಾಲಿಗೆ ಬಂದಾಗ. ಕ್ಯಾಪುಚಿನೊಗೆ ಉದ್ದ ಮೂತಿ, ಎಂಜಿನ್ ಅದರೊಳಗೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ. ಡ್ರೈವರ್ ಕೂರುವುದು ಮುಂದಿನ ಚಕ್ರದ ಮೇಲೆ. ಅಪ್ಪನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಬರೀ ತಗಡು. ಅಪಘಾತ ಸುರಕ್ಷತೆಯ ಹೊಸ ನಿಯಮಗಳಿಗೆ ಹೊಂದಲಾರದೆಯೇ 2019ರಲ್ಲಿ ಓಮ್ನಿ ತಯಾರಿಕೆ ನಿಂತದ್ದು.

ಕಾಗದವನ್ನು ಅಪ್ಪನ ಮುಂದಿಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. “ತಮಾ, ಇದರಲ್ಲಿ ಎಂಟು ಜನ ಎಲ್ಲಿ ಕೂರ್ತಾರೆ?” ಎಂದರು, ಕ್ಯಾಪುಚಿನೊದ ಕಡೆ ಬೆರಳಿಟ್ಟು. ಕೊನೆಯ ಸಾಲಿನ ಬಗ್ಗೆ ಮಾತೇ ಇಲ್ಲ. ಅಮ್ಮ ಮಾತ್ರ ಅದನ್ನು ಎರಡು ಸಲ ಓದಿಸಿಕೊಂಡಳು. ಏರ್‌ಬ್ಯಾಗ್ ಇರುವ ಹೊಸ ವ್ಯಾನಿಗೆ ಸಾಲ ಎಷ್ಟು ಸಿಗುತ್ತದೆಂದು ಸೊಸೈಟಿಯಲ್ಲಿ ಕೇಳಿ ಬಂದಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ.