ಎಳೆತನದಲ್ಲೇ ಹಿಡಿದಿಟ್ಟ ನೀಲಗಿರಿ

ಜತ್ತದ ಹತ್ತಿರ ದಾಳಿಂಬೆ ತೋಟದಲ್ಲಿ ಹೊಸ ಮನೆ ಕಟ್ಟಿಸಿದ ನಮ್ಮಣ್ಣನ ಮಗ ಅಂಗಳಕ್ಕೆಂದು ಒಂದು ಸಸಿ ತಂದಿದ್ದ. ಹಳೇ ಎಂಟಾಣೆಯಷ್ಟು ಅಗಲದ ದುಂಡನೆಯ ಬೂದಿಬಣ್ಣದ ಎಲೆಗಳು, ಕಡ್ಡಿಯುದ್ದಕ್ಕೂ ಜೋಡಿ ಜೋಡಿಯಾಗಿ ಪೋಣಿಸಿದ ಹಾಗೆ. ಈಗೀಗ ಮದುವೆ ಮಂಟಪದ ಹೂಗುಚ್ಛಗಳಲ್ಲಿ ಕಾಣುವ ಎಲೆ ಇದೇ. ಒಂದನ್ನು ಹೆಬ್ಬೆರಳಿನಿಂದ ಒರೆಸಿದೆ. ಬೂದಿ ಹೋಗಿ ಹಸಿರು ಕಂಡಿತು. ಹಿಸುಕಿ ಮೂಗಿಗೆ ಹಿಡಿದರೆ, ನೆಗಡಿಯಾದಾಗ ಅವ್ವ ಕರ್ಚೀಫಿಗೆ ಹಾಕಿಕೊಡುತ್ತಿದ್ದ ಎಣ್ಣೆಯ ವಾಸನೆ.

“ಇದು ನೀಲಗಿರಿ ಅಲ್ಲೇನೋ?”

“ನರ್ಸರಿಯಾಂವ ಸಿಲ್ವರ್ ಡಾಲರ್ ಅಂದಾನ್ರಿ ಕಾಕಾ. ನೀಲಗಿರಿ ಅಂದಿದ್ರ ನಾ ಯಾಕ ತರತಿದ್ದೆ? ಬೋರಿನ ನೀರೆಲ್ಲಾ ಕುಡದ್ ಬಿಡತೈತಿ ಅಂತಾರಲ್ರಿ.”

ಅವನ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಜತ್ತ ಸಹ್ಯಾದ್ರಿಯ ಮಳೆನೆರಳಿನ ತಾಲ್ಲೂಕು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾದು ಅಭ್ಯಾಸವಾದ ಜನ. ಗಡಿಯಾಚೆ ಕರ್ನಾಟಕದ ಒಣಭೂಮಿಯಲ್ಲಿ ನಡೆದ ಅಧ್ಯಯನಗಳು, ಬೇರು ಆಳಕ್ಕಿಳಿಸಿದ ನೀಲಗಿರಿ ತೋಪು ಬಿದ್ದ ಮಳೆಯನ್ನೆಲ್ಲ ಬಳಸಿಕೊಂಡು, ಕೆಲವು ಕಡೆ ಮಣ್ಣಿನ ಆಳದಲ್ಲಿದ್ದ ಹಳೆಯ ತೇವಕ್ಕೂ ಕೈಹಾಕುತ್ತದೆ ಎಂದು ತೋರಿಸಿವೆ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆದರೆ ಆ ಜಗಳವೆಲ್ಲ ಎಕರೆಗಟ್ಟಲೆ ಒತ್ತಾಗಿ ನೆಟ್ಟ ತೋಪುಗಳದ್ದು. ಅಂಗಳದ ಒಂಟಿ ಮರದ ಲೆಕ್ಕ ಬೇರೆ.

ಹಾಗೆ ನೋಡಿದರೆ ಈ ಮರ ನಮ್ಮ ನಾಡಿಗೆ ಬಂದದ್ದೇ ತೋಟದ ಚೆಂದಕ್ಕೆ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿತಿಯೇ ಇದಕ್ಕೆ ಯೂಕಲಿಪ್ಟಸ್ ಎಂದು ಹೆಸರಿಟ್ಟದ್ದು 1788ರಲ್ಲಿ. ಸುಮಾರು 1790ಕ್ಕೆ ಟಿಪ್ಪು ಸುಲ್ತಾನನ ನಂದಿಬೆಟ್ಟದ ತೋಟದಲ್ಲಿ ಆಗಲೇ ಸಸಿಗಳಿದ್ದವು. ನೀಲಗಿರಿ ಬೆಟ್ಟಕ್ಕೆ ಅದು ಹೋದದ್ದು ಅರ್ಧ ಶತಮಾನ ಕಳೆದ ಮೇಲೆ. ಆದರೂ ಹೆಸರು ಗಿಟ್ಟಿಸಿಕೊಂಡದ್ದು ಆ ಬೆಟ್ಟವೇ! ಗ್ರೀಕ್ ಮೂಲದ ಯೂಕಲಿಪ್ಟಸ್ ಎಂದರೆ ‘ಚೆನ್ನಾಗಿ ಮುಚ್ಚಿದ್ದು’. ಮೊಗ್ಗಿನ ತಲೆಯ ಮೇಲೊಂದು ಟೊಪ್ಪಿಗೆ ಇರುತ್ತದೆ. ಹೂ ಅರಳುವಾಗ ಅದು ಕಳಚಿ ಬೀಳುತ್ತದೆ. ಬಿಡಿ ಎಸಳುಗಳೆಂಬುವು ಇಲ್ಲ. ನಾವು ಹೂವೆಂದು ನೋಡುವ ಕುಚ್ಚು ಬರೀ ಕೇಸರಗಳದ್ದು.

ಈಗ ಎಲೆಯ ವಿಷಯ. ಬೆಳೆದ ನೀಲಗಿರಿಯ ಎಲೆ ಉದ್ದ, ಕುಡುಗೋಲಿನಂತೆ ಬಾಗಿದ್ದು, ತೊಟ್ಟಿನಿಂದ ಕೆಳಕ್ಕೆ ಜೋತುಬಿದ್ದಿರುತ್ತದೆ. ನಡುಮಧ್ಯಾಹ್ನದ ಸೂರ್ಯನಿಗೆ ಅದು ಅಂಚು ತೋರಿಸುತ್ತದೆಯೇ ಹೊರತು ಮೈಯೊಡ್ಡುವುದಿಲ್ಲ. ಎಲೆ ಕಾಯುವುದು ಕಡಿಮೆ, ಬೆಳಗು ಸಂಜೆಯ ಓರೆಬಿಸಿಲು ಮಾತ್ರ ಎರಡೂ ಮೈಗೆ. ಅದಕ್ಕೇ ನೀಲಗಿರಿಯ ನೆರಳಿನಲ್ಲಿ ಹೊರಸು ಹಾಕಿ ಮಲಗಿದವರಿಲ್ಲ. ಆ ಕೆಲಸಕ್ಕೆ ಬೇವೇ ಬೇಕು. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಆಡು ಬಾಯಿ ಹಾಕದಿರುವುದು ಅದಕ್ಕೇ.

ಹಾಗಾದರೆ ದುಂಡು ಎಲೆ? ಅದು ಮರದ ಬಾಲ್ಯ. ಎಷ್ಟೋ ಜಾತಿಯ ನೀಲಗಿರಿಗಳಿಗೆ ಎರಡು ಬಗೆಯ ಉಡುಪು. ಎಳೆತನದಲ್ಲಿ ತೊಟ್ಟಿಲ್ಲದ, ಎದುರುಬದುರಾಗಿ ಕೂತ, ಮೇಣದ ಪುಡಿ ಬಳಿದ ಅಗಲ ಎಲೆ. ದೊಡ್ಡದಾದ ಮೇಲೆ ಜೋತಾಡುವ ಹಸಿರು ಕುಡುಗೋಲು. ಬೆಳ್ಳಿದುಡ್ಡಿನ ಆಸೆಗೆ ತಂದವರು ಕೆಲವೇ ವರ್ಷಕ್ಕೆ “ಗಿಡ ಜಾತಿಗೆಟ್ಟಿತು” ಎಂದು ಗೊಣಗುವುದು ಇದಕ್ಕೇ. ಸಿನೇರಿಯಾದಂಥ ಕೆಲವು ಜಾತಿಗಳು ದೊಡ್ಡವಾದರೂ ಬಾಲ್ಯದ ಎಲೆಯನ್ನು ಹೆಚ್ಚುಕಡಿಮೆ ಉಳಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು.

ತೋಟಗಾರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ, ಅದೂ ಮರದಿಂದಲೇ ಕಲಿತದ್ದು. ಆಸ್ಟ್ರೇಲಿಯಾದ ಕಾಡುಗಳಿಗೆ ಬೆಂಕಿ ಬೀಳುವುದು ಹೊಸದಲ್ಲ. ನೀಲಗಿರಿಯ ತೊಗಟೆಯಡಿಯಲ್ಲಿ, ಹಲವು ಜಾತಿಗಳಲ್ಲಿ ಬುಡದ ಗೆಡ್ಡೆಯಂಥ ಉಬ್ಬಿನಲ್ಲಿ, ಮೊಳಕೆಗಳು ಮಲಗಿರುತ್ತವೆ. ಮೇಲಿನದೆಲ್ಲ ಸುಟ್ಟುಹೋದರೆ ಅವು ಎದ್ದು ಚಿಗುರುತ್ತವೆ, ಮತ್ತು ಆ ಚಿಗುರಿನ ಎಲೆ ಮತ್ತೆ ಬಾಲ್ಯದ ಎಲೆ. ಕತ್ತರಿಯೂ ಬೆಂಕಿಯ ಕೆಲಸವನ್ನೇ ಮಾಡುತ್ತದೆ. ವರ್ಷಕ್ಕೊಮ್ಮೆ ಬುಡದ ಹತ್ತಿರ ಕತ್ತರಿಸುತ್ತ ಹೋದರೆ ಮರ ಪೊದೆಯಾಗಿ, ಮಗುವಾಗಿಯೇ ಉಳಿಯುತ್ತದೆ. ಎಲೆಯ ಮೊತ್ತ ಕಡಿಮೆಯಾದ್ದರಿಂದ ನೀರಿನ ಖರ್ಚೂ ಇಳಿಯುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೋರಿಸಿದ. ಕಾಮನಬಿಲ್ಲಿನ ಪಟ್ಟೆಯ ಕಾಂಡ! ಅದು ಡೆಗ್ಲುಪ್ಟಾ, ನಿಜವಾದ ಮರವೇ; ತೊಗಟೆ ಸುಲಿದಲ್ಲಿ ಮೊದಲು ಹಸಿರು, ಮಾಗುತ್ತ ನೇರಳೆ, ಕಿತ್ತಳೆ. ಆದರೆ ನ್ಯೂಗಿನಿ, ಫಿಲಿಪ್ಪೀನ್ಸಿನ ಮಳೆಕಾಡಿನದು. ಜತ್ತದಲ್ಲಿ ಅದರ ಬೀಜಕ್ಕೆ ದುಡ್ಡು ಸುರಿಯುವುದಕ್ಕಿಂತ ಸುಮ್ಮನಿರುವುದು ಲೇಸು.

ಬಿಳಿ ನುಣುಪು ಕಾಂಡದ, ನಿಂಬೆ ವಾಸನೆಯ ಸಿಟ್ರಿಯೋಡೋರಾ ಚೆಲುವೆ. ಸಸ್ಯಶಾಸ್ತ್ರಜ್ಞರು 1995ರಲ್ಲಿ ಅದನ್ನು ಯೂಕಲಿಪ್ಟಸ್ ಮನೆಯಿಂದ ಕೊರಿಂಬಿಯಾ ಎಂಬ ಬೇರೆ ಮನೆಗೆ ಕಳಿಸಿದರು. ಆದರೆ ಬಹಳ ಎತ್ತರ ಹೋಗುತ್ತದೆ, ಟೊಂಗೆ ಮುರಿದು ಬೀಳುವ ಭಯವೂ ಉಂಟು. ಮನೆಗೆ ಅಂಟಿಸಿ ನೆಡಬಾರದು. ನನ್ನ ಆಯ್ಕೆ ಕೇಳಿದರೆ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿ ಸೀಮೆಯ ಟಾರ್ಕ್ವಾಟಾ ಎನ್ನುತ್ತೇನೆ. ಗಿಡ್ಡ ಮರ, ಪುಟ್ಟ ಲಾಂದ್ರದಂಥ ಮೊಗ್ಗು, ಹವಳದ ಬಣ್ಣದ ಕುಚ್ಚು. ಜತ್ತಕ್ಕಿಂತ ಕಡಿಮೆ ಮಳೆಯಲ್ಲಿ ಬದುಕಿ ಬಂದದ್ದು.

“ಅದು ಎಲ್ಲಿ ಸಿಗಬೇಕ್ರಿ ಕಾಕಾ? ಇದನ್ನ ಇಟ್ಕೋತೀನಿ” ಎಂದ ಹುಡುಗ. ಬೋರಿನಿಂದಲೂ ಗೋಡೆಯಿಂದಲೂ ದೂರ, ಬೇಲಿಯ ಮೂಲೆಗೆ ಜಾಗ ಹುಡುಕಿದೆವು. ಬೇರು ಹಿಡಿಯಲು ಎರಡು ವರ್ಷ ಬಿಟ್ಟು, ಆಮೇಲೆ ನೆಲದಿಂದ ಗೇಣು ಮೇಲೆ ಕಡಿ ಎಂದೆ.

“ಅಂದ್ರ ದಾಳಿಂಬ್ರಿ ಹಂಗ ಇದಕ್ಕೂ ಚಾಟ್ನಿ ಮಾಡೂದು,” ಎಂದ. “ಮೊದಲ ಹಂಗ ಹೇಳ್ಬಾರದೇನ್ರಿ!”