ಹ್ಯಾಮ್ ಕೈರೇಡಿಯೋ ಕೊಳ್ಳುವ ಮುನ್ನ

ಬಾಳೂರು ಹೋಬಳಿಯ ರೈತರು 2019ರ ಆಗಸ್ಟ್ ತಿಂಗಳನ್ನು ಮರೆತಿರಲಾರರು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ಸಂಚಾರವೂ ನಿಂತಿತು. ಅಂಥ ಮಳೆಯಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಮೊಬೈಲು. ಹೀಗಾಗಿ ಹ್ಯಾಮ್ ರೇಡಿಯೋ ಹವ್ಯಾಸದತ್ತ ನಮ್ಮ ಯುವಕರ ಮನಸ್ಸು ಹರಿದಿರುವುದು ಸಹಜ. “ಯಾವ ಸೆಟ್ಟು ತಗೊಳ್ಳಲಿ ಸಾರ್?” ಎಂಬುದೇ ಅವರ ಮೊದಲ ಪ್ರಶ್ನೆ.

ಸೆಟ್ಟಿಗಿಂತ ಮುಂಚೆ ಪರವಾನಗಿ ಬೇಕು. ಅದಿಲ್ಲದೆ ಪ್ರಸಾರದ ಸೆಟ್ಟನ್ನು ಮನೆಯಲ್ಲಿಟ್ಟುಕೊಳ್ಳುವುದೂ ತಪ್ಪು. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಗೆ 12 ವರ್ಷ ತುಂಬಿದವರು ಕೂರಬಹುದು. ಕೆಳದರ್ಜೆಯ ಪರೀಕ್ಷೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ. ರೇಡಿಯೋ ವಿದ್ಯೆಯ ಮೂಲಪಾಠ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಪಿಯುಸಿ ಓದುವ ಮಕ್ಕಳಿಗೆ ಇದು ಕಷ್ಟವೇನಲ್ಲ.

ಇನ್ನೊಂದು ಮಾತು. ಆಳುಗಳನ್ನು ಕರೆಯಲು, ಕಾಫಿಯ ಧಾರಣೆ ವಿಚಾರಿಸಲು ಹ್ಯಾಮ್ ಸೆಟ್ಟನ್ನು ಬಳಸುವಂತಿಲ್ಲ. ವ್ಯವಹಾರದ ಮಾತಿಗೆ ಇಲ್ಲಿ ಜಾಗವಿಲ್ಲ. ತೋಟದ ಕೆಲಸಕ್ಕೇ ಬೇಕೆನ್ನುವವರು 446.0ರಿಂದ 446.2 ಮೆಗಾಹರ್ಟ್ಸಿನ, ಪರವಾನಗಿ ಬೇಡದ ವಾಕಿಟಾಕಿಗಳನ್ನು ನೋಡುವುದು ಲೇಸು.

2004ರ ಡಿಸೆಂಬರಿನ ಸುನಾಮಿಯಲ್ಲಿ ಪೋರ್ಟ್‌ಬ್ಲೇರಿನಿಂದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಮ್ ರೇಡಿಯೋ ಮೂಲಕ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದನ್ನು ಹಲವರು ಕೇಳಿದ್ದೀರಿ. ಅದು ಶಾರ್ಟ್‌ವೇವಿನ ದೊಡ್ಡ ಸೆಟ್ಟಿನ ಕೆಲಸ. ಕೈಯಲ್ಲಿ ಹಿಡಿಯುವ ಸೆಟ್ಟಿನಿಂದ ಅಷ್ಟು ದೂರ ನಿರೀಕ್ಷಿಸಬಾರದು. ಅದರ ಅಲೆ ಟಾರ್ಚಿನ ಬೆಳಕಿನಂತೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ತಡೆಯುತ್ತದೆ. ಕಣಿವೆಯಲ್ಲಿ ನಿಂತು ಪಕ್ಕದ ಊರನ್ನು ಹಿಡಿಯಲಾಗದ ಸೆಟ್ಟೇ ಬೋಳುಗುಡ್ಡದ ನೆತ್ತಿಯಿಂದ ಹತ್ತಾರು ಮೈಲಿ ದಾಟೀತು. ಅಂಗಡಿಯವರು ಹೇಳುವ ವಾಟ್ ಲೆಕ್ಕಕ್ಕೆ ಮರುಳಾಗಬೇಡಿ. 5 ವಾಟ್ ಧಾರಾಳವಾಯಿತು. 10 ವಾಟ್ ಮಾಡಿದರೆ ದೂರ ಇಮ್ಮಡಿಯಾಗದು, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ.

144ರಿಂದ 146 ಮೆಗಾಹರ್ಟ್ಸಿನ ಪಟ್ಟಿ ಇರುವ ಸೆಟ್ಟೇ ಆಗಲಿ. 434ರಿಂದ 438ರ ಪಟ್ಟಿಯೂ ಇದ್ದರೆ ಬೇಡವೆನ್ನಬೇಕಿಲ್ಲ, ಆದರೆ ನಮ್ಮ ಒದ್ದೆ ಮರಗಳ ನಡುವೆ ಅದು ಬೇಗ ಸೊರಗುತ್ತದೆ. ಸೆಟ್ಟಿನೊಡನೆ ಬರುವ ಗಿಡ್ಡ ರಬ್ಬರ್ ಆಂಟೆನಾ ತೆಗೆದು ಸುಮಾರು ಅರ್ಧ ಮೀಟರ್ ಉದ್ದದ್ದನ್ನು ಹಾಕಿಕೊಂಡರೆ ವ್ಯತ್ಯಾಸ ಅಂದೇ ಕಾಣುತ್ತದೆ. ಸೆಟ್ಟನ್ನು ಬದಲಿಸುವುದಕ್ಕಿಂತ ಇದು ಅಗ್ಗ.

ಚೀನಾದ ಬಾವೋಫೆಂಗ್ ಸೆಟ್ಟುಗಳು ಕಡಿಮೆ ಬೆಲೆಯವು, ಕಲಿಯಲು ಸಾಕು. ಜಪಾನಿನ ಯೇಸು, ಐಕಾಮ್ ಸೆಟ್ಟುಗಳಿಗೆ ಬೆಲೆ ಹೆಚ್ಚು. ಯಾವುದೇ ಆಗಲಿ, ಮೈಮೇಲಿನ ಐಪಿ ಅಂಕಿ ನೋಡಿ. ಐಪಿ54 ಎಂದರೆ ನೀರು ಸಿಡಿದರೆ ತಡೆದೀತು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಉಳಿದೀತು. ಗೊರಬು ಹೊದ್ದು ನಡೆಯುವ ನಮ್ಮ ಆಷಾಢಕ್ಕೆ ಎರಡನೆಯದೇ ತಕ್ಕದ್ದು. ಅಷ್ಟು ಹಣವಿಲ್ಲದವರು ಅಗ್ಗದ ಸೆಟ್ಟನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಳಸಬಹುದು.

ಟಾರ್ಚಿಗೆ ಹಾಕುವ ಸಣ್ಣ ಸೆಲ್ಲುಗಳನ್ನೂ ಹಾಕಲು ಬರುವ ಡಬ್ಬಿ ಆ ಮಾದರಿಗೆ ಸಿಗುತ್ತದೆಯೇ ಕೇಳಿ. ವಾರಗಟ್ಟಲೆ ಕರೆಂಟಿಲ್ಲದಾಗ ಚಾರ್ಜರ್ ಗೋಡೆಯ ಅಲಂಕಾರವಷ್ಟೆ. ಪರವಾನಗಿ ಕೈಗೆ ಬಂದ ಮೇಲೆ, ಜೂನ್ ಮಳೆ ಹಿಡಿಯುವ ಮೊದಲು, ಇಬ್ಬರು ಹವ್ಯಾಸಿಗಳು ಬೇರೆ ಬೇರೆ ದಿಣ್ಣೆಗಳಲ್ಲಿ ನಿಂತು ಮಾತಾಡಿ ನೋಡಿ, ಯಾವ ಜಾಗದಿಂದ ಯಾವ ಊರು ಸಿಗುತ್ತದೆಂದು ಪುಸ್ತಕದಲ್ಲಿ ಬರೆದಿಡಿ.